ಬಿದ್ದ ನೆಲದಿಂದಲೇ

ನಮ್ಮ ಸಿರಿಗೇರಿಯ ಸುತ್ತ ಎತ್ತ ನೋಡಿದರೂ ಸಮತಟ್ಟಾದ ಎರೆಭೂಮಿ. ಏರು ಇಳಿವು ಎಂದರೆ ನಮಗೆ ಕಾಲುವೆಯ ಏರಿ ಒಂದೇ. ಚಿಕ್ಕಂದಿನಲ್ಲಿ ಚಿಣ್ಣಿದಾಂಡು ಆಡುವಾಗ ಚಿಣ್ಣಿಯು ಆ ಏರಿಯ ಓರೆಯಲ್ಲಿ ಬಿದ್ದರೆ, ನಾನು ಅದನ್ನು ಕಾಲಿನಿಂದ ಮೆಲ್ಲನೆ ಸಮನೆಲಕ್ಕೆ ಸರಿಸಿಬಿಡುತ್ತಿದ್ದೆ. ಯಾರೂ ನೋಡದಿದ್ದ ಮೇಲೆ ಅದು ತಪ್ಪೆಂದು ನನಗೆ ತೋರುತ್ತಿರಲಿಲ್ಲ. ಮುಂದೆ ಮೊದಲ ವರ್ಷದ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ನಪಾಸಾಗಿ, ಓದನ್ನೇ ಬಿಟ್ಟುಬಿಡುವೆನೆಂದು ಊರಿಗೆ ಹೋಗಿ ಕುಳಿತೆನು. ಆ ದಿನಗಳಲ್ಲಿ ನಾನು ಓದಿದುದು ಬಾಬಿ ಜೋನ್ಸ್ ಎಂಬ ಗಾಲ್ಫ್ ಆಟಗಾರನ ಜೀವನವನ್ನು. ಅದನ್ನು ಸಹಪಾಠಿಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಆ ಆಟವನ್ನು ಕಂಡವರು ವಿರಳ. ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ಆದಷ್ಟು ಕಡಿಮೆ ಹೊಡೆತಗಳಲ್ಲಿ ದೂರದ ಕುಳಿಗೆ ಸೇರಿಸಬೇಕು. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯಬೇಕೆಂಬುದು ಅದರ ಮೂಲ ನಿಯಮ.

ನೆಲವಾದರೋ ಎಲ್ಲೆಡೆಯೂ ಸಮವಾಗಿರುವುದಿಲ್ಲ. ಏರಿನಲ್ಲಿ ಹೊಡೆದ ಚೆಂಡು ಎತ್ತರಕ್ಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಆದುದರಿಂದ ಹೆಚ್ಚು ದೂರ ಸಾಗಿಸುವ ಕೋಲನ್ನು ಆರಿಸಬೇಕು. ಇಳಿಜಾರಿನಲ್ಲಿ ಹೊಡೆದದ್ದು ತಗ್ಗಾಗಿ ಹಾರಿ, ಬಿದ್ದ ಮೇಲೂ ಉರುಳುತ್ತ ಹೋಗುತ್ತದೆ; ಅಲ್ಲಿ ಮುಖ ಹೆಚ್ಚು ವಾಲಿದ ಕೋಲು ಬೇಕು. ಎರಡು ಕಡೆಯೂ ಭುಜಗಳನ್ನು ನೆಲದ ಓರೆಗೆ ಹೊಂದಿಸಿ, ಚೆಂಡು ಮೇಲಿನ ಕಾಲಿನ ಕಡೆಗಿರುವಂತೆ ನಿಂತು, ಕೋಲನ್ನು ಓರೆಯ ಗುಂಟ ಬೀಸಬೇಕು. ಇಳಿಜಾರಿನಲ್ಲಿ ಚೆಂಡನ್ನು ಬಲವಂತವಾಗಿ ಮೇಲೆತ್ತಲು ಹೋದರೆ ಕೋಲು ಮೊದಲು ನೆಲಕ್ಕೇ ಬಡಿಯುತ್ತದೆ.

ಜೋನ್ಸನು 1902ರ ಮಾರ್ಚ್ 17ರಂದು ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿ ರೋಗಿಷ್ಠನಾಗಿದ್ದರೂ 14ನೆಯ ವಯಸ್ಸಿಗೇ ರಾಷ್ಟ್ರದ ಹವ್ಯಾಸಿಗಳ ಪಂದ್ಯದಲ್ಲಿ ಆಡಿದನು. ಆದರೆ ಮುಂಗೋಪಿ, ಹೊಡೆತ ತಪ್ಪಿದರೆ ಕೋಲನ್ನು ಎಸೆದುಬಿಡುತ್ತಿದ್ದನು. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮರಳುಗುಂಡಿಯೊಂದರಲ್ಲಿ ಸಿಲುಕಿ, ಪಂದ್ಯವನ್ನೇ ಅರ್ಧಕ್ಕೆ ಕೈಬಿಟ್ಟನು. ಆ ನಾಚಿಕೆಯನ್ನು ಆತನು ಮರೆಯಲಿಲ್ಲ. ತನ್ನ ಕೋಪವನ್ನು ಪಳಗಿಸಿಕೊಂಡು, 1927ರಲ್ಲಿ ಅದೇ ಮೈದಾನದಲ್ಲಿ ವಿಜಯಿಯಾದನು.

ನನ್ನನ್ನು ನಿಲ್ಲಿಸಿ ಕೇಳಿದಂತಾದುದು 1925ರ ಪ್ರಸಂಗ. ವೂಸ್ಟರ್ ನಗರದಲ್ಲಿ ಅಮೆರಿಕದ ಮುಕ್ತ ಪಂದ್ಯ ನಡೆದಿತ್ತು. ಓರೆಯಾದ ದಿಬ್ಬದ ಹುಲ್ಲಿನಲ್ಲಿ ಆತನ ಚೆಂಡು ನಿಂತಿತ್ತು. ಹೊಡೆಯಲು ಸಿದ್ಧನಾಗುವಷ್ಟರಲ್ಲಿ ಅದು ಕೂದಲೆಳೆಯಷ್ಟು ಅಲುಗಿತು. ಬೇರಾರೂ ಕಾಣಲಿಲ್ಲ. ಆದರೂ ಜೋನ್ಸನು ತಾನಾಗಿಯೇ ಒಂದು ಹೊಡೆತದ ದಂಡವನ್ನು ಬರೆಸಿಕೊಂಡನು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್‌ನೊಡನೆ ಸಮಬಲವಾಗಿ, ಮರುಪಂದ್ಯದಲ್ಲಿ ಸೋತನು. ಆ ಒಂದು ಹೊಡೆತವಿಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ.

ಆಟದ ನಡುವೆ ಓದನ್ನೂ ಆತನು ಬಿಡಲಿಲ್ಲ. ಜಾರ್ಜಿಯಾ ಟೆಕ್‌ನಲ್ಲಿ ಯಂತ್ರವಿಜ್ಞಾನ, ಹಾರ್ವರ್ಡಿನಲ್ಲಿ ಸಾಹಿತ್ಯ, ತರುವಾಯ ಕಾನೂನು ಕಲಿತು ವಕೀಲನಾದನು. 1930ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಮುಕ್ತ ಹಾಗೂ ಹವ್ಯಾಸಿ ಪಂದ್ಯಗಳು ನಾಲ್ಕನ್ನೂ ಒಂದೇ ವರ್ಷ ಗೆದ್ದು, 28ನೆಯ ವಯಸ್ಸಿಗೇ ಸ್ಪರ್ಧೆಗಳಿಂದ ನಿವೃತ್ತನಾದನು. ಅನಂತರ ಆಗಸ್ಟಾದಲ್ಲಿ, ಹಿಂದೆ ಸಸಿತೋಟವಾಗಿದ್ದ ಏರಿಳಿತದ ನೆಲದಲ್ಲಿ, ಅಲಿಸ್ಟರ್ ಮೆಕೆಂಝಿಯೊಡನೆ ಮೈದಾನವೊಂದನ್ನು ರೂಪಿಸಿದನು. 1934ರಿಂದ ಅಲ್ಲಿ ಪಂದ್ಯ ನಡೆಯತೊಡಗಿತು. ಇಂದಿಗೂ ಅಲ್ಲಿಗೆ ಬರುವ ನುರಿತ ಆಟಗಾರರನ್ನು ಆ ಓರೆನೆಲಗಳೇ ಪರೀಕ್ಷಿಸುತ್ತವೆ.

1948ರಲ್ಲಿ ಬೆನ್ನುಹುರಿಯ ರೋಗವು ತೋರಿಬಂದಿತು. ಕ್ರಮೇಣ ಕೈಕಾಲುಗಳು ಸೋತು, ಆ ಮಹಾ ಆಟಗಾರನು ಗಾಲಿಕುರ್ಚಿಯನ್ನು ಹಿಡಿದನು. ಹೀಗಿರಲು 1958ರಲ್ಲಿ ಸೇಂಟ್ ಆಂಡ್ರೂಸ್ ನಗರವು, ಒಮ್ಮೆ ಆತನು ಪಂದ್ಯ ಬಿಟ್ಟುಹೋಗಿದ್ದ ಅದೇ ನಗರವು, ಆತನಿಗೆ ಪೌರ ಗೌರವವನ್ನು ನೀಡಿತು. 1971ರ ಡಿಸೆಂಬರ್ 18ರಂದು ಆತನು ತೀರಿಕೊಂಡನು.

ನಾನು ಮರಳಿ ಬಂದು, ಆ ವಿಷಯಕ್ಕೆ ಮತ್ತೆ ಕುಳಿತು ಪಾಸಾದೆನು. ಕಳೆದ ರಜೆಯಲ್ಲಿ ತಮ್ಮನೊಡನೆ ಚಿಣ್ಣಿದಾಂಡು ಆಡುವಾಗ ಚಿಣ್ಣಿಯು ಮತ್ತೆ ಏರಿಯ ಓರೆಯಲ್ಲಿ ಬಿದ್ದಿತು. ತಮ್ಮನು ಅತ್ತ ತಿರುಗಿದ್ದನು. ಕಾಲನ್ನು ತಡೆದುಕೊಂಡು, ಬಿದ್ದಲ್ಲಿಂದಲೇ ಹೊಡೆದೆ. ಚಿಣ್ಣಿಯು ನೇರ ಕಾಲುವೆಗೆ ಹೋಯಿತು, ಆಟ ಸೋತೆ. ಆದರೂ ಮನಸ್ಸಿಗೆ ಹಗುರವೆನಿಸಿತು.