ಕಡಲಂಚನ್ನು ಅಳೆದ ಇನೋ ತದತಕ

ಜಪಾನ್ ದ್ವೀಪಗಳಿಂದಾದ ನಾಡು. ಅದರ ಒಡಲನ್ನೆಲ್ಲ ಬೆಟ್ಟಗಳು ತುಂಬಿಕೊಂಡಿವೆ. ಬೆಟ್ಟಕ್ಕೂ ಕಡಲಿಗೂ ನಡುವೆ ಉಳಿದ ಕಿರಿದಾದ ನೆಲದಲ್ಲಿ ಊರುಗಳೂ ಬತ್ತದ ಗದ್ದೆಗಳೂ ಹಬ್ಬಿವೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಆ ದೇಶವನ್ನು ಷೋಗುನ್ ಎಂಬ ಸೇನಾಧಿಪತಿ ಎಡೊ ನಗರದಿಂದ ಆಳುತ್ತಿದ್ದನು. ಇಂದಿನ ಟೋಕಿಯೊ ನಗರವೇ ಅಂದಿನ ಎಡೊ. ಅಲ್ಲಿಂದ ಕ್ಯೋಟೊ ನಗರಕ್ಕೆ ಹೋಗುವ ಹೆದ್ದಾರಿಯನ್ನು ಬಲ್ಲವರು ಅಸಂಖ್ಯ ಮಂದಿ. ಆದರೆ ಉತ್ತರದ ಕಡಿದಾದ ತೀರಗಳನ್ನಾಗಲಿ, ದಕ್ಷಿಣದ ದೂರದ ದ್ವೀಪಗಳನ್ನಾಗಲಿ ಕಂಡ ನಗರವಾಸಿಗಳು ವಿರಳ. ಆ ಕಡಲಂಚನ್ನೆಲ್ಲ ಕಾಲ್ನಡಿಗೆಯಿಂದ ಸುತ್ತಿ, ಅಳೆದು, ತನ್ನ ದೇಶದ ನಿಜವಾದ ಆಕಾರವನ್ನು ಕಾಗದದ ಮೇಲೆ ಮೂಡಿಸಿದವನು ಇನೋ ತದತಕ. ಆ ಪ್ರಯಾಣಕ್ಕೆ ಹೊರಟಾಗ ಅವನಿಗೆ 55 ವರ್ಷ ವಯಸ್ಸಾಗಿತ್ತು.

ತದತಕನು 1745ರಲ್ಲಿ ಕುಜುಕುರಿ ಎಂಬ ಮರಳುದಂಡೆಯ ಹಳ್ಳಿಯೊಂದರಲ್ಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. 1762ರಲ್ಲಿ ಸವಾರ ಎಂಬ ಊರಿನ ಇನೋ ಮನೆತನಕ್ಕೆ ಮನೆಯಳಿಯನಾಗಿ ಬಂದನು. ಅಕ್ಕಿಯ ವ್ಯಾಪಾರ ಮತ್ತು ಅಕ್ಕಿಯಿಂದ ಮದ್ಯ ತಯಾರಿಸುವುದು ಆ ಮನೆತನದ ಕಸುಬು. ತದತಕನ ದಕ್ಷತೆಯಿಂದ ವ್ಯಾಪಾರ ಬೆಳೆಯಿತು. 1780ರ ದಶಕದಲ್ಲಿ ಭೀಕರ ಕ್ಷಾಮ ಬಂದಾಗ ಅವನು ತನ್ನ ಕಣಜದ ಅಕ್ಕಿಯನ್ನು ಊರಿನ ಬಡವರಿಗೆ ಹಂಚಿದನು. ಹೀಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮನೆತನದ ಹೊಣೆಯನ್ನು ಹೊತ್ತು, 1794ರಲ್ಲಿ ಅದನ್ನು ಮಗನಿಗೆ ಒಪ್ಪಿಸಿದನು.

ಸಾಮಾನ್ಯರಾದರೆ ಇನ್ನು ವಿಶ್ರಾಂತಿಯ ಕಾಲವೆಂದು ಭಾವಿಸುತ್ತಿದ್ದರು. ತದತಕನಿಗೆ ಅದು ವಿದ್ಯಾರ್ಥಿಜೀವನದ ಆರಂಭವಾಯಿತು. ಚಿಕ್ಕಂದಿನಿಂದ ಗಣಿತದಲ್ಲಿ ಅವನಿಗೆ ಒಲವಿತ್ತು. 1795ರಲ್ಲಿ ಎಡೊಗೆ ಹೋಗಿ, ಪಂಚಾಂಗದ ಸುಧಾರಣೆಗಾಗಿ ಸರಕಾರ ನೇಮಿಸಿಕೊಂಡಿದ್ದ ಖಗೋಳಜ್ಞ ತಕಹಶಿ ಯೋಶಿತೊಕಿಯ ಶಿಷ್ಯನಾದನು. ಗುರುವಿಗೆ 31 ವರ್ಷ, ಶಿಷ್ಯನಿಗೆ 50. ಈ ಅಂತರ ಇಬ್ಬರಿಗೂ ತೊಡಕಾಗಲಿಲ್ಲ.

ಆ ಕಾಲದ ಜಪಾನಿನ ಖಗೋಳಜ್ಞರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಭೂಮಿ ಎಷ್ಟು ದೊಡ್ಡದು? ಉತ್ತರಕ್ಕೆ ನಡೆದಂತೆಲ್ಲ ಧ್ರುವನಕ್ಷತ್ರವು ಆಕಾಶದಲ್ಲಿ ಮೇಲೇರಿದಂತೆ ಕಾಣುತ್ತದೆ. ಅದು ಒಂದು ಡಿಗ್ರಿ ಮೇಲೇರಬೇಕಾದರೆ ನೆಲದ ಮೇಲೆ ಎಷ್ಟು ದೂರ ಸಾಗಬೇಕೆಂಬುದು ತಿಳಿದರೆ, ಆ ದೂರವನ್ನು 360ರಿಂದ ಗುಣಿಸಿ ಭೂಮಿಯ ಸುತ್ತಳತೆಯನ್ನು ಪಡೆಯಬಹುದು. ತದತಕನು ಉತ್ಸಾಹದಿಂದ ತನ್ನ ಮನೆಗೂ ಗುರುವಿನ ವೀಕ್ಷಣಾಲಯಕ್ಕೂ ನಡುವಣ ದೂರವನ್ನು ಹೆಜ್ಜೆಯೆಣಿಸಿ ಅಳೆದು ಲೆಕ್ಕ ಹಾಕಿದನು. ಇಷ್ಟು ಸಣ್ಣ ದೂರದಿಂದ ಬಂದ ಉತ್ತರವನ್ನು ನಂಬಲಾಗದೆಂದೂ, ಎಝೊ ದ್ವೀಪದವರೆಗಾದರೂ ಅಳೆಯಬೇಕೆಂದೂ ಗುರುವು ತಿಳಿಸಿದನು. ಈಗ ಹೊಕ್ಕೈಡೊ ಎನಿಸಿಕೊಳ್ಳುವ ಎಝೊ ಜಪಾನಿನ ಉತ್ತರದ ತುದಿಯಲ್ಲಿದೆ. ಅಲ್ಲಿಗೆ ಮನಬಂದಂತೆ ಹೋಗುವ ಹಾಗಿರಲಿಲ್ಲ. ಆದರೆ 1792ರಲ್ಲಿ ರಷ್ಯದ ಹಡಗೊಂದು ಆ ದ್ವೀಪಕ್ಕೆ ಬಂದಂದಿನಿಂದ ಉತ್ತರದ ತೀರದ ಒಳ್ಳೆಯ ನಕ್ಷೆ ಸರಕಾರಕ್ಕೆ ಬೇಕಾಗಿತ್ತು. ಗುರುಶಿಷ್ಯರು ನಕ್ಷೆ ಬರೆದುಕೊಡುವೆವೆಂದು ಅನುಮತಿ ಪಡೆದರು. ಸರಕಾರ ಕೊಟ್ಟ ಹಣ ಅಲ್ಪ. ವೆಚ್ಚದ ಬಹುಭಾಗವನ್ನು ತದತಕನೇ ಭರಿಸಿದನು.

1800ರ ಜೂನ್ ತಿಂಗಳಲ್ಲಿ ಚಿಕ್ಕ ತಂಡವೊಂದು ಎಡೊದಿಂದ ಉತ್ತರಾಭಿಮುಖವಾಗಿ ಹೊರಟಿತು. ದಾರಿಯುದ್ದಕ್ಕೂ ಹೆಜ್ಜೆಗಳನ್ನು ಎಣಿಸಿ ಬರೆದಿಡುವುದು, ತಿರುವುಗಳಲ್ಲಿ ದಿಕ್ಸೂಚಿಯಿಂದ ದಿಕ್ಕನ್ನು ಗುರುತಿಸುವುದು, ಆಕಾಶ ತಿಳಿಯಾಗಿದ್ದ ರಾತ್ರಿ ನಕ್ಷತ್ರಗಳ ಎತ್ತರವನ್ನು ಅಳೆಯುವುದು ಅವರ ದಿನಚರಿ. ತ್ಸುಗರು ಪರ್ಯಾಯದ್ವೀಪದ ತುದಿಯಿಂದ ದೋಣಿಯಲ್ಲಿ ಜಲಸಂಧಿಯನ್ನು ದಾಟಿ ಎಝೊ ತಲುಪಿದರು. ಬಂಡೆಗಳು ನೇರವಾಗಿ ಕಡಲಿಗಿಳಿದು ಕಾಲಿಡಲು ತಾವಿಲ್ಲದ ಕಡೆ ತೀರವನ್ನು ಬಿಟ್ಟು ಬೆಟ್ಟದ ದಾರಿ ಹಿಡಿಯಬೇಕಾಯಿತು. ದ್ವೀಪದ ಪೂರ್ವಭಾಗದವರೆಗೆ ಹೋಗಿ ಎಡೊಗೆ ಮರಳುವ ವೇಳೆಗೆ 180 ದಿನಗಳು ಕಳೆದಿದ್ದವು.

ಈ ಮೋಜಣಿಯಿಂದ ಸಿದ್ಧವಾದ ನಕ್ಷೆಯನ್ನು ಸರಕಾರ ಮೆಚ್ಚಿತು. ಮರುವರ್ಷವೇ ಎರಡನೆಯ ಪ್ರಯಾಣ. ಈ ಸಲ ಹೆಜ್ಜೆಗೆ ಬದಲು ಹಗ್ಗದ ಅಳತೆ. ಮುಂದೆ ಕಬ್ಬಿಣದ ಸರಪಳಿಯೂ ಬಂದಿತು. ಈಶಾನ್ಯ ಭಾಗದ ಸನ್ರಿಕು ತೀರದಲ್ಲಿ ಬೆಟ್ಟದ ಸಾಲುಗಳು ಬೆರಳುಗಳಂತೆ ಕಡಲಿನೊಳಕ್ಕೆ ಚಾಚಿಕೊಂಡಿವೆ; ಬೆರಳುಗಳ ಸಂದಿನಲ್ಲೆಲ್ಲ ಕಿರಿದಾದ ಕೊಲ್ಲಿಗಳು. ನಡೆದು ಹೋಗಲಾಗದ ಇಂಥ ಕಡೆ ದೋಣಿಗಳ ಮೇಲಿನಿಂದ ಹಗ್ಗವನ್ನು ಎಳೆದು ಅಳೆದರು. ಅಲ್ಲಲ್ಲಿ ನಿಂತು ದೂರದ ಗಿರಿಶಿಖರಗಳ ದಿಕ್ಕನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಒಂದೇ ಶಿಖರವನ್ನು ಹಲವು ಸ್ಥಳಗಳಿಂದ ನೋಡಿ ಎಳೆದ ಗೆರೆಗಳು ನಕ್ಷೆಯಲ್ಲಿ ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಗೊತ್ತಾಗುತ್ತಿತ್ತು. ಹೀಗೆ ಅಲೆದಾಟಕ್ಕೆ ಅಡ್ಡವಾದ ಬೆಟ್ಟಗಳೇ ಅಳತೆಗೆ ಸಾಕ್ಷಿಗಳಾದವು.

1802ರಲ್ಲಿ ತಂಡವು ಪಶ್ಚಿಮದ ಕಡಲ ದಂಡೆಯಲ್ಲಿ ಸಾಗಿ ಕಿಸಕತ ಎಂಬಲ್ಲಿಗೆ ಬಂದಿತು. ಚಿಕ್ಕ ಚಿಕ್ಕ ದ್ವೀಪಗಳಿಂದ ತುಂಬಿದ ಅಲ್ಲಿನ ಹಿನ್ನೀರು ಕವಿಗಳ ಪ್ರೀತಿಗೆ ಪಾತ್ರವಾಗಿತ್ತು. ಎರಡೇ ವರ್ಷಗಳ ಬಳಿಕ, 1804ರ ಭೂಕಂಪದಲ್ಲಿ ನೆಲವು ಸುಮಾರು 2 ಮೀಟರ್ ಮೇಲೆದ್ದು ನೀರೆಲ್ಲ ಬರಿದಾಯಿತು. ಈಗ ಅಲ್ಲಿ ಗದ್ದೆಗಳಿವೆ. ಹಳೆಯ ದ್ವೀಪಗಳು ಗದ್ದೆಗಳ ನಡುವಣ ಗುಡ್ಡಗಳಾಗಿ ನಿಂತಿವೆ.

1803ರಲ್ಲಿ ನೋಟೊ ಪರ್ಯಾಯದ್ವೀಪ, ಸಾಡೊ ದ್ವೀಪಗಳ ಸರದಿ. ಈ ಪ್ರಯಾಣದಲ್ಲಿ ಇಟೊಯಿಗವ ಎಂಬ ಊರಿನಲ್ಲಿ ನದಿಯನ್ನು ಅಳೆಯಲು ದೋಣಿ ದೊರೆಯದೆ ತದತಕನು ಸ್ಥಳೀಯ ಅಧಿಕಾರಿಗಳನ್ನು ಗದರಿಸಿದನು. ದೂರು ಎಡೊಗೆ ಹೋಯಿತು. ಗುರುವು ಶಿಷ್ಯನಿಗೆ ಪತ್ರ ಬರೆದು ಎಚ್ಚರಿಸಿದನು. ಒಂದು ಚಿಕ್ಕ ಜಗಳದಿಂದ ಇಡೀ ಮೋಜಣಿಯೇ ನಿಂತುಹೋಗುವ ಭಯ ಗುರುವಿಗಿತ್ತು.

ಇಷ್ಟರಲ್ಲಿ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಂದು ಡಿಗ್ರಿಗೆ ತದತಕನು ಕಂಡುಕೊಂಡ ದೂರ ಸುಮಾರು 110.75 ಕಿಲೋಮೀಟರ್. ಇಂದು ಆ ಪ್ರದೇಶದಲ್ಲಿ ಅದು ಸುಮಾರು 111 ಕಿಲೋಮೀಟರ್ ಎಂದು ಗೊತ್ತಾಗಿದೆ. ಫ್ರಾನ್ಸಿನ ಖಗೋಳಜ್ಞ ಲಲಾಂಡ್ ಬರೆದ ಗ್ರಂಥದ ಡಚ್ ಅನುವಾದ ತಕಹಶಿಯ ಕೈಸೇರಿದಾಗ, ಅದರಲ್ಲಿದ್ದ ಅಳತೆ ಶಿಷ್ಯನ ಅಳತೆಗೆ ಹೊಂದಿಕೊಂಡಿತು. ಇಬ್ಬರೂ ಹಿಗ್ಗಿದರು. ಆದರೆ 1804ರ ಮೊದಲ ತಿಂಗಳುಗಳಲ್ಲಿಯೇ ತಕಹಶಿ ತೀರಿಕೊಂಡನು. ಅವನಿಗಿನ್ನೂ 40 ತುಂಬಿರಲಿಲ್ಲವೆಂದೇ ಹೇಳಬಹುದು.

ಉತ್ತರ ದೊರೆತ ಮೇಲೆ ತದತಕನು ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. 1804ರಲ್ಲಿ ಸರಕಾರ ಅವನನ್ನು ಅಧಿಕಾರಿಯಾಗಿ ನೇಮಿಸಿತು. ಪಶ್ಚಿಮ ಜಪಾನಿನ ಮೋಜಣಿ ಸರಕಾರದ ಕೆಲಸವೇ ಆಯಿತು. 1806ರಲ್ಲಿ ಜ್ವರ ಬಂದು ಅವನು ಮತ್ಸುಯೆ ನಗರದಲ್ಲಿ ಮಲಗಬೇಕಾದಾಗ ಶಿಷ್ಯರು ಓಕಿ ದ್ವೀಪಗಳನ್ನು ಅಳೆದು ಬಂದರು. 1811ರಲ್ಲಿ ಹೊರಟ ಎಂಟನೆಯ ಪ್ರಯಾಣ ಎಲ್ಲಕ್ಕಿಂತ ದೀರ್ಘವಾದುದು, ಮರಳಿದುದು 1814ರಲ್ಲಿ. ದಟ್ಟಡವಿಯ ಯಾಕುಶಿಮ, ಕೊರಿಯದ ಕಡೆಗಿರುವ ತ್ಸುಶಿಮ, ಪಶ್ಚಿಮದಂಚಿನ ಗೋಟೊ ದ್ವೀಪಗಳು ಆಗ ನಕ್ಷೆಗೆ ಸೇರಿದವು. ಬೆಲೆಯನ್ನೂ ತೆರಬೇಕಾಯಿತು. 1813ರಲ್ಲಿ ಅವನ ಬಲಗೈಯಂತಿದ್ದ ಸಕಬೆ ಎಂಬ ಸಹಾಯಕನು ಗೋಟೊ ದ್ವೀಪದಲ್ಲಿ ರೋಗದಿಂದ ಮೃತನಾದನು. ಅದೇ ವರ್ಷ ಇತ್ತ ಊರಿನಲ್ಲಿ ಹಿರಿಯ ಮಗನೂ ತೀರಿಕೊಂಡನು. ಆ ದಿನಗಳಲ್ಲಿ ತದತಕನು ಮಗಳಿಗೆ ಬರೆದ ಪತ್ರವೊಂದರಲ್ಲಿ, ಹಲ್ಲುಗಳೆಲ್ಲ ಉದುರಿ ಒಂದೇ ಉಳಿದಿದೆಯೆಂದೂ, ಇಷ್ಟದ ಉಪ್ಪಿನಕಾಯಿಯನ್ನು ಇನ್ನು ತಿನ್ನಲಾಗದೆಂದೂ ತಿಳಿಸಿದ್ದಾನೆ.

ಒಟ್ಟು ಹತ್ತು ಮೋಜಣಿಗಳು 1816ರಲ್ಲಿ ಮುಗಿದವು. ವೃದ್ಧಾಪ್ಯದ ಕಾರಣ ಒಂಬತ್ತನೆಯದಕ್ಕೆ ಮಾತ್ರ ಅವನು ಹೋಗಲಿಲ್ಲ. ಎಝೊ ದ್ವೀಪದಲ್ಲಿ ತಾನು ಕಾಣದಿದ್ದ ಭಾಗಕ್ಕೆ ಶಿಷ್ಯ ಮಮಿಯ ರಿನ್ಝೊನ ಅಳತೆಗಳನ್ನು ಬಳಸಿಕೊಂಡನು. 1818ರಲ್ಲಿ, ನಕ್ಷೆಯ ಕೆಲಸ ನಡೆಯುತ್ತಿರುವಾಗಲೇ, 73ನೆಯ ವಯಸ್ಸಿನಲ್ಲಿ ತದತಕನು ನಿಧನ ಹೊಂದಿದನು. ಅವನ ಇಚ್ಛೆಯಂತೆ ಗುರುವಿನ ಸಮಾಧಿಯ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಮರಣದ ಸುದ್ದಿಯನ್ನು ಶಿಷ್ಯರು ಮೂರು ವರ್ಷ ಹೊರಗೆಡಹಲಿಲ್ಲ. ತಕಹಶಿಯ ಮಗ ಕಗೆಯಸುವಿನ ಮೇಲ್ವಿಚಾರಣೆಯಲ್ಲಿ 1821ರಲ್ಲಿ ನಕ್ಷೆಯು ಪೂರ್ಣಗೊಂಡು ಸರಕಾರಕ್ಕೆ ಸಲ್ಲಿಕೆಯಾಯಿತು. ದೊಡ್ಡ ಅಳತೆಯ ಹಾಳೆಗಳೇ 214 ಇದ್ದವು. ಅಕ್ಷಾಂಶಗಳು ಬಹಳ ನಿಖರವಾಗಿದ್ದವು. ರೇಖಾಂಶಗಳು ಅಷ್ಟು ನಿಖರವಾಗಿರಲಿಲ್ಲ. ಹೀಗಾಗಿ ದೇಶದ ಎರಡೂ ತುದಿಗಳು ಸ್ವಲ್ಪ ಪೂರ್ವಕ್ಕೆ ಸರಿದಿವೆ.

ಸರಕಾರವು ಆ ನಕ್ಷೆಯನ್ನು ರಹಸ್ಯವಾಗಿರಿಸಿತು. ಅದರ ಪ್ರತಿಯನ್ನು ಜರ್ಮನ್ ವೈದ್ಯ ಸೀಬೋಲ್ಡನಿಗೆ ಕೊಟ್ಟುದಕ್ಕಾಗಿ 1828ರಲ್ಲಿ ಬಂಧಿತನಾದ ಕಗೆಯಸು ಮರುವರ್ಷ ಸೆರೆಮನೆಯಲ್ಲಿಯೇ ಸತ್ತನು. ಸರಕಾರದ ಮೂಲಪ್ರತಿ 1873ರ ಅರಮನೆಯ ಬೆಂಕಿಯಲ್ಲಿಯೂ, ಇನೋ ಮನೆತನದವರು ಕಾಪಾಡಿಕೊಂಡು ಬಂದಿದ್ದ ಪ್ರತಿ 1923ರ ಭೂಕಂಪದ ಬೆಂಕಿಯಲ್ಲಿಯೂ ಸುಟ್ಟುಹೋದವು. ಮುಂದೆ 2001ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿ 214 ಹಾಳೆಗಳ ಪೈಕಿ 207ರ ಪ್ರತಿಗಳು ಬೆಳಕಿಗೆ ಬಂದವು.