ಇವಿಎಂ ಕಂಡುಹಿಡಿದದ್ದು ತಮಿಳು ಕತೆಗಾರ ಸುಜಾತಾ ಅವರೇ? ನಿಜ ಎಷ್ಟು?

ಚುನಾವಣೆ ಹತ್ತಿರ ಬಂದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಇವಿಎಂ ಬಗ್ಗೆ ಸಂದೇಶಗಳು ಓಡಾಡುತ್ತವೆ. ಆ ಯಂತ್ರವನ್ನು ತಮಿಳಿನ ಕತೆಗಾರ ಸುಜಾತಾ ಒಬ್ಬರೇ ಕಂಡುಹಿಡಿದರು ಎನ್ನುವುದೂ ಅವುಗಳಲ್ಲಿ ಒಂದು. ಇದು ಅರ್ಧ ನಿಜ. ಪೂರ್ತಿ ಕತೆ ನೋಡೋಣ.

ಯಾರು ಈ ಸುಜಾತಾ?

ನಿಜ ಹೆಸರು ಎಸ್. ರಂಗರಾಜನ್. ಹುಟ್ಟಿದ್ದು 1935ರಲ್ಲಿ, ಚೆನ್ನೈನಲ್ಲಿ. ಬೆಳೆದದ್ದು ಶ್ರೀರಂಗದ ಅಜ್ಜಿ ಮನೆಯಲ್ಲಿ. ತಿರುಚಿಯಲ್ಲಿ ಭೌತಶಾಸ್ತ್ರ, ಚೆನ್ನೈನ ಎಂಐಟಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ವಿಮಾನಯಾನ ಇಲಾಖೆಯಲ್ಲಿ ಕೆಲಸ ಮಾಡಿ, ನಂತರ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್ ಸೇರಿದರು. ಆಗಲೇ ಇನ್ನೊಬ್ಬ ರಂಗರಾಜನ್ ಬರೆಯುತ್ತಿದ್ದರಿಂದ, ಗೊಂದಲ ಬೇಡವೆಂದು ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ‘ರೋಜಾ’, ‘ಇಂಡಿಯನ್’ ಸಿನಿಮಾಗಳ ಸಂಭಾಷಣೆ ಇವರದೇ.

ಇವಿಎಂನಲ್ಲಿ ಅವರ ಪಾತ್ರವೇನು?

ಬಿಇಎಲ್‌ನಲ್ಲಿ ಇವಿಎಂ ವಿನ್ಯಾಸ ಮತ್ತು ತಯಾರಿಕೆಯ ಮೇಲ್ವಿಚಾರಣೆ ಅವರದಾಗಿತ್ತು. ಆದರೆ ಅದು ಒಂದು ತಂಡದ ಕೆಲಸ. ಹೈದರಾಬಾದಿನ ಇಸಿಐಎಲ್ ಕೂಡ ಈ ಯಂತ್ರ ತಯಾರಿಸಿತು. ಹಾಗಾಗಿ ‘ಒಬ್ಬರೇ ಕಂಡುಹಿಡಿದರು’ ಎನ್ನುವುದು ತಪ್ಪು.

ಯಂತ್ರದ ಉಪಾಯ ಸರಳ. ಮತದಾರನ ಮುಂದೆ ಒಂದು ಭಾಗ, ಅಧಿಕಾರಿಯ ಬಳಿ ಇನ್ನೊಂದು, ನಡುವೆ ಒಂದು ಕೇಬಲ್. ನಡೆಯುವುದು ಬ್ಯಾಟರಿಯಿಂದ, ಕರೆಂಟ್ ಇಲ್ಲದ ಹಳ್ಳಿಯಲ್ಲೂ ಸಾಕು. ಅಧಿಕಾರಿ ಗುಂಡಿ ಒತ್ತಿದರೆ ಮಾತ್ರ ಒಂದು ಮತ ಹಾಕಬಹುದು. ಮತ್ತೆ ಅವರು ಒತ್ತುವವರೆಗೂ ಯಂತ್ರ ಲಾಕ್. ಒಬ್ಬನೇ ನಿಂತು ಹತ್ತು ಸಲ ಗುಂಡಿ ಒತ್ತಿದರೂ ಲೆಕ್ಕಕ್ಕೆ ಬರುವುದು ಒಂದೇ ಮತ.

ಮೊದಲ ಪರೀಕ್ಷೆಯಲ್ಲಿ ಏನಾಯಿತು?

1982ರ ಮೇ ತಿಂಗಳಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಜನ ಮೊದಲ ಬಾರಿಗೆ ಇವಿಎಂ ಬಳಸಿದರು. ಸಿಪಿಐನ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ ಅಭ್ಯರ್ಥಿ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್, ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು ಹೇಳಿ ಆ 50 ಕಡೆ ಮತಪತ್ರದಲ್ಲಿ ಮರುಮತದಾನ ಮಾಡಿಸಿತು. ಈ ಸಲ ಜೋಸ್ ಗೆದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಯಂತ್ರ ಮತ ಕದ್ದಿತು ಎಂದು ಕೋರ್ಟ್ ಹೇಳಲಿಲ್ಲ. ಕೊರತೆ ಇದ್ದದ್ದು ಕಾನೂನಿನಲ್ಲಿ. 1988ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ ಕೆಲವು ಕ್ಷೇತ್ರಗಳಲ್ಲಿ ಮತ್ತೆ ಪ್ರಯೋಗ ನಡೆಯಿತು. 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳಿಗೂ ಇವಿಎಂ ಬಂತು. ಅದನ್ನು ಕಂಡೇ ಸುಜಾತಾ 2008ರ ಫೆಬ್ರವರಿ 27ರಂದು ತೀರಿಕೊಂಡರು.

ಕೊನೆಗೆ ನಾವು ಹೇಳುವುದಿಷ್ಟು

ಯಂತ್ರವನ್ನು ಪ್ರಶ್ನಿಸುವುದು ತಪ್ಪಲ್ಲ. ಪರವೂರಿನ ಪ್ರಶ್ನೆಯಿಂದಲೇ ಕಾನೂನು ಸರಿಹೋಯಿತು. ಈಗಲೂ ಪ್ರತಿ ಮತಗಟ್ಟೆಯಲ್ಲಿ ಮತದಾನಕ್ಕೆ ಮೊದಲು ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ನಡೆಯುತ್ತದೆ. ಅನುಮಾನವಿದ್ದರೆ ಅಲ್ಲಿ ಕಣ್ಣಾರೆ ನೋಡಿದವರನ್ನು ಕೇಳಿ. ಆಮೇಲೆ ಫಾರ್ವರ್ಡ್ ಮಾಡಿ.