ಪುರಾಣ ಬರೆದ ಪಾದ್ರಿಗೆ ಸಿಗದ ಅಚ್ಚುಮೊಳೆ

ಮಡಗಾಂವ: ಜುವಾರಿ ನದಿ ದಂಡೆಯ ರಾಚೋಲ್, ಸಾಲಸೇಟ್ ತಾಲ್ಲೂಕಿನ ಸಣ್ಣ ಊರು. ಪಾದ್ರಿಗಳನ್ನು ತಯಾರು ಮಾಡುವ ಹಳೆಯ ಸೆಮಿನರಿಯಿಂದಾಗಿ ಊರಿಗೆ ಹೆಸರು. ಸುಮಾರು 11 ಸಾವಿರ ಓವಿಗಳ ಮರಾಠಿ ಕಾವ್ಯವೊಂದು 1616ರಷ್ಟು ಹಿಂದೆಯೇ ಇಲ್ಲಿ ಅಚ್ಚಾಗಿತ್ತು ಅಂದರೆ ಗಡಿಭಾಗದ ಎಷ್ಟೋ ಜನ ನಂಬಲಿಕ್ಕಿಲ್ಲ. ಬರೆದವರು ಇಂಗ್ಲೆಂಡಿನಿಂದ ಬಂದ ಜೆಸ್ಯೂಟ್ ಪಾದ್ರಿ ಥಾಮಸ್ ಸ್ಟೀಫನ್ಸ್. ಕಾವ್ಯದ ಹೆಸರು ಕ್ರಿಸ್ತಪುರಾಣ. ಆದರೆ ಅದನ್ನು ಈ ನೆಲದ ಲಿಪಿಯಲ್ಲೇ ಅಚ್ಚು ಹಾಕಿಸಬೇಕೆಂಬ ಅವರ ಆಸೆ ಬದುಕಿದ್ದಾಗ ಕೈಗೂಡಲಿಲ್ಲ.

ಸ್ಟೀಫನ್ಸ್ ಹುಟ್ಟಿದ್ದು 1549ರ ಸುಮಾರಿಗೆ, ವಿಲ್ಟ್‌ಶೈರ್ ಸೀಮೆಯಲ್ಲಿ. ಪ್ರಾಯಕ್ಕೆ ಬರುವ ಹೊತ್ತಿಗೆ ಎಲಿಜಬೆತ್ ರಾಣಿಯ ಆಳ್ವಿಕೆ. ಕ್ಯಾಥೊಲಿಕರಿಗೆ ಅಲ್ಲಿ ಕಷ್ಟದ ಕಾಲ. ಊರು ಬಿಟ್ಟ ಅವರು 1575ರಲ್ಲಿ ರೋಮ್‌ನಲ್ಲಿ ಜೆಸ್ಯೂಟ್ ಸಂಘ ಸೇರಿದರು. 1579ರ ಏಪ್ರಿಲ್‌ನಲ್ಲಿ ಲಿಸ್ಬನ್‌ನಲ್ಲಿ ಹಡಗು ಹತ್ತಿ, ಅಕ್ಟೋಬರ್ 24ರಂದು ಗೋವಾ ಮುಟ್ಟಿದರು. ಭಾರತದಲ್ಲಿ ನೆಲೆ ನಿಂತ ಮೊದಲ ಇಂಗ್ಲಿಷ್ ಮನುಷ್ಯ ಇವರೇ ಎನ್ನುತ್ತಾರೆ. ರಾಲ್ಫ್ ಫಿಚ್ ಮತ್ತವರ ಜೊತೆಗಾರ ವ್ಯಾಪಾರಿಗಳು 1583ರಲ್ಲಿ ಗೋವಾದ ಜೈಲಿಗೆ ಬಿದ್ದಾಗ, ಬಿಡಿಸಲು ಓಡಾಡಿದವರಲ್ಲಿ ಇವರೂ ಒಬ್ಬರು.

ಕಾದ ನೆಲದಲ್ಲಿ ಕಲಿಕೆ

ಇವರಿಗೆ ಕೆಲಸ ಸಿಕ್ಕಿದ್ದು ಸಾಲಸೇಟ್‌ನಲ್ಲಿ. ಅದು ಕುದಿಯುತ್ತಿದ್ದ ಸೀಮೆ. ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವಿದ್ದರು. ಹಿಂದೂ ಗ್ರಂಥಗಳನ್ನು ಹುಡುಕಿ ಹುಡುಕಿ ನಾಶ ಮಾಡಲಾಗಿತ್ತು. 1583ರಲ್ಲಿ ಕುಂಕಳ್ಳಿ ಊರವರು ಐವರು ಜೆಸ್ಯೂಟರನ್ನು ಕೊಂದರು. ಸೇಡು ತೀರಿಸಲು ಸರ್ಕಾರ ಅಲ್ಲಿನ ಗಾಂವಕಾರರನ್ನು ಅಸ್ಸೊಳ್ಣಾ ಕೋಟೆಗೆ ಕರೆಸಿ ಕೊಲ್ಲಿಸಿತು.

ಇಂಥ ಹೊತ್ತಲ್ಲಿ ಸ್ಟೀಫನ್ಸ್ ಕೊಂಕಣಿ ಕಲಿತರು, ಮರಾಠಿಯನ್ನೂ ಕಲಿತರು. ಅದೇ 1583ರಲ್ಲಿ ತಮ್ಮ ಸಹೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳ ಕಟ್ಟಡ ಗ್ರೀಕ್, ಲ್ಯಾಟಿನ್‌ಗೆ ಹೋಲುತ್ತದೆ ಅಂತ ಗುರುತಿಸಿದ್ದರು. ವಿಲಿಯಂ ಜೋನ್ಸ್ ಇಂಥದೇ ಮಾತು ಹೇಳಿ ಹೆಸರಾದದ್ದು 1786ರಲ್ಲಿ, ಅಂದರೆ ಎರಡು ಶತಮಾನ ಕಳೆದ ಮೇಲೆ!

ಮತಾಂತರವಾದ ಮನೆಗಳಲ್ಲಿ ಹಳೆಯ ಪುರಾಣ ಓದುವುದು ನಿಂತಿತ್ತು. ಆ ಜಾಗ ತುಂಬಲು ಸ್ಟೀಫನ್ಸ್ ಬೈಬಲ್ ಕಥೆಯನ್ನು ಓವಿಯಲ್ಲಿ ಹೇಳಿದರು. ಜ್ಞಾನೇಶ್ವರ, ಏಕನಾಥರ ದಾರಿಯದೇ ಛಂದಸ್ಸು. ಎರಡು ಭಾಗ, ಒಟ್ಟು 10,962 ಓವಿ. ಸ್ವರ್ಗಕ್ಕೆ ವೈಕುಂಠ ಎಂಬ ಪದವನ್ನೇ ಇಟ್ಟರು. ಜನಸಾಮಾನ್ಯರಿಗೆ ತಿಳಿಯಲಿ ಅಂತ ಮರಾಠಿಯಲ್ಲಿ ಕೊಂಕಣಿ ಮಾತು ಬೆರೆಸಿದರು. ಮರಾಠಿಯನ್ನು ಹೊಗಳುವ ಅವರ ಓವಿಗಳು ಮರಾಠಿ ಓದಿದವರಿಗೆ ಇಂದಿಗೂ ಪರಿಚಿತ. ಗ್ರಂಥ ನಾಶ ಮಾಡಿದ ವ್ಯವಸ್ಥೆಯ ಒಳಗಿದ್ದವರೇ ಇಂಥದೊಂದು ಗ್ರಂಥ ಕಟ್ಟಿದರು ಎಂಬುದನ್ನೂ ಮರೆಯುವಂತಿಲ್ಲ.

600 ಮೊಳೆಯ ಲೆಕ್ಕ

ಗೋವಾಕ್ಕೆ ಮುದ್ರಣ ಯಂತ್ರ ಬಂದದ್ದು 1556ರಲ್ಲಿ. ಆದರೆ ಇಲ್ಲಿದ್ದ ಮೊಳೆಗಳು ರೋಮನ್ ಅಕ್ಷರದವು. 1608ರಲ್ಲಿ ಸ್ಟೀಫನ್ಸ್ ರೋಮ್‌ನಲ್ಲಿದ್ದ ಸಂಘದ ಮುಖ್ಯಸ್ಥರಿಗೆ ಪತ್ರ ಬರೆದು, ಈ ನೆಲದ ಭಾಷೆಯಲ್ಲಿ, ಈ ನೆಲದ ಲಿಪಿಯಲ್ಲೇ ಪುಸ್ತಕ ಅಚ್ಚು ಹಾಕಲು ಅನುಮತಿ ಕೇಳಿದರು. ಯುರೋಪಿನ ಲಿಪಿಗೆ 24 ಅಚ್ಚು ಸಾಕು, ಇಲ್ಲಿಯದಕ್ಕೆ 600ರಷ್ಟು ಬೇಕು, ಜಾಣತನದಿಂದ ಅದನ್ನು 200ಕ್ಕೆ ಇಳಿಸಬಹುದು ಎಂಬುದು ಅವರ ಲೆಕ್ಕ. ಕಾಗುಣಿತ, ಒತ್ತಕ್ಷರ ಸೇರಿದರೆ ಮೊಳೆ ಎಷ್ಟಾಗುತ್ತವೆ ಎಂಬುದನ್ನು ಕಂಪ್ಯೂಟರ್‌ಗೂ ಮೊದಲು ಬೆಳಗಾವಿ, ಹುಬ್ಬಳ್ಳಿ ಪ್ರೆಸ್‌ಗಳಲ್ಲಿ ಮೊಳೆ ಜೋಡಿಸಿದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊಳೆ ಸಿಗಲಿಲ್ಲ. 1616ರಲ್ಲಿ ಪುರಾಣ ರೋಮನ್ ಲಿಪಿಯಲ್ಲೇ ಹೊರಬಂತು. ಮೂರು ವರ್ಷದಲ್ಲಿ, 1619ರಲ್ಲಿ, ಸ್ಟೀಫನ್ಸ್ ಗೋವಾದಲ್ಲೇ ತೀರಿಕೊಂಡರು. ಬಂದು 40 ವರ್ಷವಾಗಿತ್ತು. ಅವರ ಕೊಂಕಣಿ ವ್ಯಾಕರಣ ರಾಚೋಲ್‌ನಲ್ಲಿ ಅಚ್ಚಾದದ್ದು 1640ರಲ್ಲಿ. ಅದರ ಹೆಸರಿನಲ್ಲಿರುವ ಕಾನರಿಂ ಎಂಬ ಶಬ್ದ ನೋಡಿ ಅದು ಕನ್ನಡ ವ್ಯಾಕರಣ ಅಂತ ತಿಳಿಯುವವರಿದ್ದಾರೆ. ಆ ಕಾಲದ ಪೋರ್ಚುಗೀಸರು ಕೊಂಕಣಿಗೇ ಹಾಗೆ ಹೇಳುತ್ತಿದ್ದರು.

ಉಳಿಸಿದ್ದು ಮಂಗಳೂರು

1684ರಲ್ಲಿ ವೈಸರಾಯ್ ಕೊಂಕಣಿ ಬಳಕೆಯನ್ನೇ ನಿಷೇಧಿಸಿದರು. ಪುರಾಣ 1649 ಮತ್ತು 1654ರಲ್ಲಿ ಮತ್ತೆ ಅಚ್ಚಾಗಿದ್ದರೂ, ಈ ಮೂರು ಮುದ್ರಣಗಳ ಒಂದೇ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಕಾವ್ಯ ಉಳಿದದ್ದು ಕೈಬರಹದ ಪ್ರತಿಗಳಲ್ಲಿ, ಹಾಡುವವರ ಬಾಯಲ್ಲಿ. ಗೋವಾದಿಂದ ಕರಾವಳಿಗೆ ವಲಸೆ ಹೋದ ಕುಟುಂಬಗಳು ಪ್ರತಿ ಮಾಡಿಕೊಂಡು ಓದುತ್ತಾ ಬಂದವು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಮಂಗಳೂರು ಕ್ರೈಸ್ತರು ಇದನ್ನು ಗುಟ್ಟಾಗಿ ಹಾಡಿಕೊಂಡಿದ್ದರು ಎಂಬ ಹೇಳಿಕೆಯೂ ಇದೆ. ಅಂಥ ಹಸ್ತಪ್ರತಿಗಳನ್ನು ಹೋಲಿಸಿ ಜೋಸೆಫ್ ಸಲ್ಡಾನ್ಹಾ 1907ರಲ್ಲಿ ಮಂಗಳೂರಿನಲ್ಲೇ ಪುಸ್ತಕ ಹೊರತಂದರು. ಅದೂ ರೋಮನ್ ಲಿಪಿಯಲ್ಲಿ. ಮುಂದೆ ಲಂಡನ್‌ನ ಮಾರ್ಸ್‌ಡನ್ ಸಂಗ್ರಹದಲ್ಲಿ ದೇವನಾಗರಿ ಹಸ್ತಪ್ರತಿಯೊಂದು ವಿದ್ವಾಂಸರ ಕಣ್ಣಿಗೆ ಬಿತ್ತು.

ದೇವನಾಗರಿಯಲ್ಲಿ ಪುರಾಣ ಅಚ್ಚಾಗಲು 1956 ಬರಬೇಕಾಯಿತು. ಪುಣೆಯಲ್ಲಿ ಶಾಂತಾರಾಮ ಬಂಡೇಲು ಅದನ್ನು ಸಂಪಾದಿಸಿದರು. ಮೊದಲ ಮುದ್ರಣದಿಂದ ಅಲ್ಲಿಗೆ 340 ವರ್ಷ. 2009ರಲ್ಲಿ ಪಾದ್ರಿ ನೆಲ್ಸನ್ ಫಾಲ್ಕಾವ್ ಇಡೀ ಕಾವ್ಯವನ್ನು ಇಂದಿನ ಮರಾಠಿ ಗದ್ಯದ ಜತೆ ಪ್ರಕಟಿಸಿದರು. ಆ ಪುಸ್ತಕ ಹೊರಬಂದದ್ದು ಬೆಂಗಳೂರಿನಿಂದ. ಗೋವಾದ ಪರ್ವರಿಯಲ್ಲಿರುವ ಕೊಂಕಣಿ ಅಧ್ಯಯನ ಕೇಂದ್ರಕ್ಕೆ ಇಟ್ಟಿರುವುದು ಥಾಮಸ್ ಸ್ಟೀಫನ್ಸ್ ಅವರ ಹೆಸರನ್ನೇ.